ಅರ್ಧ ಪುಸ್ತಕದ ಮಾಮಾ

ನನ್ನ ಸೋದರಮಾವನಷ್ಟು ಕೆಟ್ಟ ವರ ಇಡೀ ಗುಲಬರ್ಗಾ ಜಿಲ್ಲೆಯಲ್ಲಿ ಇನ್ನೊಬ್ಬ ಇರಲಿಲ್ಲ. ಯಾರೋ ಹೇಳಿದ್ದನ್ನು ಕೇಳಿ ಹೇಳುತ್ತಿಲ್ಲ, ಆ ವರನನ್ನು ಗೊತ್ತು ಮಾಡಿದ್ದೇ ನನಗೆ! ನನ್ನನ್ನು ತೊಟ್ಟಿಲಿಗೆ ಹಾಕಿದ ದಿನ ನಮ್ಮ ಆಯಿ, ಅಂದರೆ ಅವ್ವನ ಅವ್ವ, ಪಕ್ಕದಲ್ಲಿ ನಿಂತಿದ್ದ ತನ್ನ ಕೊನೆಯ ಮಗನ ಬೆನ್ನು ತಟ್ಟಿ, "ನಿನ್ನ ಹೇಣ್ತಿ ನೋಡಲೇ" ಅಂದಳಂತೆ. ಅವನಿಗಾಗ ಹತ್ತು ವರ್ಷ. ಕೈಯಲ್ಲಿದ್ದ ಪೇರಲ ಹಣ್ಣನ್ನು ಅಲ್ಲೇ ಬಿಟ್ಟು ಓಡಿಹೋದನಂತೆ. ನಮ್ಮ ಮಂದಿಗೆ ಅವತ್ತೇ ಅರ್ಥವಾಗಬೇಕಿತ್ತು.

ನಮ್ಮ ಕಡೆ ಅಕ್ಕನ ಮಗಳ ಮೇಲೆ ಸೋದರಮಾವನಿಗೆ ಹಕ್ಕು. ಇದನ್ನು ಯಾರೂ ಬರೆದಿಟ್ಟಿಲ್ಲ, ಆದರೆ ಊರಿನಲ್ಲಿ ಬೇರಾವ ಹಕ್ಕೂ ಗೊತ್ತಿಲ್ಲದವರಿಗೂ ಇದೊಂದು ಹಕ್ಕು ಬಾಯಿಪಾಠ. ಅವನು ಬಿಟ್ಟರೆ ಮಾತ್ರ ಹುಡುಗಿ ಬೇರೆ ಮನೆಗೆ. ಹಾಗಾಗಿ ನೆಲೋಗಿಯಲ್ಲಿ ಬೆಳೆಯುತ್ತಿದ್ದ ನನಗೆ ನಡೆಯಲು ಬರುವ ಮೊದಲೇ ಗಂಡ ಇದ್ದ.

ಕೆಟ್ಟ ವರ ಅಂದೆ. ಕುಡುಕನೋ, ಇಸ್ಪೀಟು ಆಡುವವನೋ ಅಂದುಕೊಳ್ಳಬೇಡಿ. ಹವಳಗಾದಲ್ಲಿ ಆಯಿಯ ಜೊತೆ ಮನೆ, ಅಫಜಲಪುರದ ಒಂದು ಹೈಸ್ಕೂಲಿನಲ್ಲಿ ಮಾಸ್ತರಿಕೆ. ಮುಂಜಾನೆ ಲಿಂಗಪೂಜೆ ಮಾಡಿ, ಹಣೆಗೆ ವಿಭೂತಿ ಹಚ್ಚಿ, ಇಸ್ತ್ರಿ ಕಾಣದ ಅಂಗಿ ತೊಟ್ಟು ಬಸ್ಸು ಹಿಡಿಯುವ ಮನುಷ್ಯ. ಎಲೆಯಡಿಕೆ ಕೂಡ ಹಾಕುತ್ತಿರಲಿಲ್ಲ. ಅವನಿಗಿದ್ದದ್ದು ಒಂದೇ ಚಟ. ಕಂಡ ಕಂಡ ವಿದ್ಯಾರ್ಥಿಗಳಿಗೆಲ್ಲ ಪುಸ್ತಕ ಓದಲು ಹೇಳುವುದು! ಎಂಥ ಪುಸ್ತಕ? ಪರೀಕ್ಷೆಗೆ ಬರುವ ಪುಸ್ತಕವೇ? ಛೇ! ಜೀತದಾಳುಗಳದು, ಬಾವಿಯ ನೀರು ಮುಟ್ಟಲು ಬಿಡದೆ ದೂರ ನಿಲ್ಲಿಸಿದವರದು, ಗಣಿಯಲ್ಲಿ ದುಡಿಯುವ ಮಕ್ಕಳದು, ಹೆಣ್ಣುಮಕ್ಕಳಿಗೆ ಕಾನೂನಿನಲ್ಲಿ ಏನೇನಿದೆ ಅನ್ನುವುದು, ಸಂವಿಧಾನ ಅಂದರೇನು ಅಂತ ಸಣ್ಣವರಿಗೆ ಬಿಡಿಸಿ ಹೇಳುವುದು. ಗುಲಬರ್ಗಾಕ್ಕೆ ಹೋದವರು ಚಪ್ಪಲಿ ತಂದರೆ, ಸೀರೆ ತಂದರೆ, ಇವನು ಇಂಥವನ್ನು ಚೀಲ ತುಂಬ ಹೊತ್ತು ತರುತ್ತಿದ್ದ.

ಯಾರಿಗೆ ಯಾವ ಪುಸ್ತಕ ಅನ್ನುವುದಕ್ಕೆ ಅವನದೇ ಒಂದು ಲೆಕ್ಕವಿತ್ತು. "ನಿನಗ ಏನ ಓದಾಕ ಇಷ್ಟ?" ಅಂತ ಅವನು ಯಾವ ಹುಡುಗನನ್ನೂ ಕೇಳಿದ್ದಿಲ್ಲ. ಕೇಳುತ್ತಿದ್ದದ್ದು ಒಂದೇ: "ಈ ವಾರ ಯಾರ ಮ್ಯಾಲ ಸಿಟ್ಟ ಬಂದದ?"

ಹುಡುಗರು ಕಕ್ಕಾಬಿಕ್ಕಿ! ಮಾಸ್ತರರ ಮುಂದೆ ಸಿಟ್ಟಿನ ಮಾತು ಆಡಬಹುದೇ? ಒಬ್ಬ ಧೈರ್ಯ ಮಾಡಿ, "ನಿಮ್ಮ ಮ್ಯಾಲೇ ರಿ ಸರ. ನಿನ್ನೆ ತಪ್ಪ ಯಾರೋ ಮಾಡಿದ್ರ ನನ್ನ ಹೊರಗ ನಿಲ್ಲಿಸಿದ್ರಿ" ಅಂದನಂತೆ. ಮಾಮಾ ಅವನಿಗೆ ಮಕ್ಕಳ ಹಕ್ಕುಗಳ ಪುಸ್ತಕ ಕೊಟ್ಟ. ಮರುದಿನ ಇಡೀ ಕ್ಲಾಸಿನ ಮುಂದೆ, "ನಾ ವಿಚಾರ ಮಾಡ್ಲಾರದ ಶಿಕ್ಷಾ ಕೊಟ್ಟೆ, ನಂದು ತಪ್ಪು" ಅಂತ ಹೇಳಿದ. ಇನ್ನೊಬ್ಬ ಹುಡುಗ ತಲೆ ತಗ್ಗಿಸಿಕೊಂಡು, "ಹೋಟೆಲಿನಾವನ ಮ್ಯಾಲರಿ. ನನಗ ಚಾ ಬ್ಯಾರೆ ಕಪ್ಪಿನಾಗ ಕೊಡ್ತಾನರಿ, ಅದನ್ನ ನಾನೇ ತೊಳದ ಇಡಬೇಕರಿ" ಅಂದ. ಮಾಮಾ ಚೀಲದಿಂದ ಪುಸ್ತಕ ತೆಗೆದು ಕೈಗಿಟ್ಟು, ಆ ಸಂಜೆ ತಾನೂ ಹೋಗಿ ಅದೇ ಹೋಟೆಲಿನಲ್ಲಿ, "ನನಗೂ ಆ ಬ್ಯಾರೆ ಕಪ್ಪಿನಾಗೇ ಕೊಡ್ರಿ" ಅಂತ ಪಟ್ಟು ಹಿಡಿದು ಕೂತನಂತೆ. ವಿಭೂತಿಯ ಮಾಸ್ತರರಿಗೆ ಆ ಕಪ್ಪು ಕೊಡಲು ಹೋಟೆಲಿನವನಿಗೆ ಕೈ ಬರಲಿಲ್ಲ. ಕೊಡದೆ ಇರಲೂ ಆಗಲಿಲ್ಲ. ಕೊನೆಗೆ ಅವನು ಆ ಕಪ್ಪನ್ನೇ ಎತ್ತಿ ಬಿಸಾಕಿ ಕೈ ಮುಗಿದ.

ಎಲ್ಲಕ್ಕಿಂತ ಮಾಮಾನಿಗೆ ಚಿಂತೆಯಾಗುತ್ತಿದ್ದದ್ದು "ನನಗ ಯಾರ ಮ್ಯಾಲೂ ಸಿಟ್ಟಿಲ್ಲರಿ" ಅನ್ನುವ ಹುಡುಗರ ಬಗ್ಗೆ. ಅಂಥವರಿಗೆ ಎಲ್ಲಕ್ಕಿಂತ ದಪ್ಪ ಪುಸ್ತಕ!

ಇಷ್ಟಕ್ಕೇ ನಿಂತಿದ್ದರೆ ಮಂದಿ ಅವನನ್ನು ಒಳ್ಳೆಯ ಮಾಸ್ತರ ಅಂತ ಹೊಗಳಿ ಮರೆತುಬಿಡುತ್ತಿದ್ದರು. ಆದರೆ ಅವನು ಯಾರಿಗೂ ಪೂರ್ತಿ ಪುಸ್ತಕ ಕೊಡುತ್ತಿರಲಿಲ್ಲ. ಹೊಸ ಪುಸ್ತಕ ಮನೆಗೆ ಬಂತೋ, ಕಟ್ಟೆಯ ಮೇಲೆ ಕೂತು ದಾಡಿ ಮಾಡಿಕೊಳ್ಳುವ ಬ್ಲೇಡಿನಿಂದ ಬೆನ್ನು ಸೀಳಿ ಎರಡು ಮಾಡುತ್ತಿದ್ದ. ಆಮೇಲೆ ತೊಗರಿ ಚೀಲ ಹೊಲಿಯುವ ದಬ್ಬಣ, ಸುತಳಿ ತಗೊಂಡು ಎರಡನ್ನೂ ಬೇರೆ ಬೇರೆ ಹೊಲಿದು, ಮೊದಲರ್ಧ ಒಬ್ಬನಿಗೆ, ಉಳಿದರ್ಧ ಇನ್ನೊಬ್ಬನಿಗೆ. ಸೀಳುವ ಜಾಗವನ್ನೂ ನೋಡಿಕೊಂಡೇ ಸೀಳುತ್ತಿದ್ದ. ಜೀತದಾಳು ದಣಿಯ ಮುಂದೆ ಹೋಗಿ ನಿಂತ, ತಲೆ ಎತ್ತಿದ, ಬಾಯಿ ತೆರೆದ... ಅಲ್ಲಿಗೆ ಸುತಳಿ! ಮುಂದಿನದು ಬೇಕೇ? ಮೊದಲು ಮಾಮಾನ ಹತ್ತಿರ ಬಂದು, "ಮುಂದ ಏನ ಆದ್ರ ನ್ಯಾಯ ಅನಸ್ತದ ನಿನಗ?" ಅನ್ನುವ ಪ್ರಶ್ನೆಗೆ ಉತ್ತರ ಹೇಳಬೇಕು. ಆಮೇಲೆ ಉಳಿದರ್ಧ ಯಾರ ಹತ್ತಿರ ಇದೆ ಅಂತ ಅವನು ಹೇಳುವುದು. ಅದು ಯಾವತ್ತೂ ನೀವು ಕಾಲಿಡದ ಓಣಿಯಲ್ಲಿ, ನೀವು ಮಾತಾಡದವನ ಮನೆಯಲ್ಲಿ ಇರುತ್ತಿತ್ತು.

ಒಮ್ಮೆ ಪರೀಕ್ಷೆಯಲ್ಲಿ ಮೂಲಭೂತ ಹಕ್ಕುಗಳನ್ನು ವಿವರಿಸಿರಿ ಅಂತ ಪ್ರಶ್ನೆ ಬಂದಿತ್ತಂತೆ. ಒಬ್ಬ ಹುಡುಗ ಮೊದಲ ಕೆಲವನ್ನು ಚೆಂದಾಗಿ ಬರೆದು, ಕೆಳಗೆ, "ಉಳಿದದ್ದು ಅನ್ವರನ ಹತ್ತಿರ ಅದರಿ" ಅಂತ ಬರೆದಿದ್ದ! ಅನ್ವರನ ಪೇಪರು ತೆಗೆದು ನೋಡಿದರೆ ಅವನು ಉಳಿದದ್ದನ್ನು ಮಾತ್ರ ಬರೆದಿದ್ದ. ಮಾಮಾ ಇಬ್ಬರಿಗೂ ಪೂರ್ತಿ ಮಾರ್ಕು ಹಾಕಿ ಹೆಡ್‌ಮಾಸ್ತರರಿಂದ ಬೈಸಿಕೊಂಡ.

ಇನ್ನೊಮ್ಮೆ ಅಲ್ಲಿಯ ಗೌಡರೊಬ್ಬರು ಮೋಟರ್ ಸೈಕಲ್ ಮೇಲೆ ಶಾಲೆಗೇ ಬಂದರು. ಮೀಸೆ ಕುಣಿಯುತ್ತಿತ್ತು.

"ಮಾಸ್ತರ್ರ, ನಮ್ಮ ಹುಡುಗ ದಿನಾ ಸಂಜೀಕ ಊರ ಹೊರಗಿನ ಕೇರಿಗಿ ಹೋಗಾಕತ್ತಾನ. ಅಲ್ಲೇನದ ಅವಂದು?"

"ಉಳಿದರ್ಧ ಅದರಿ ಗೌಡ್ರ."

"ಏನ ಅರ್ಧ?"

"ಪುಸ್ತಕರಿ. ಮೊದಲರ್ಧ ನಿಮ್ಮ ಮನ್ಯಾಗ ಅದ. ಕಡೀದು ಅಲ್ಲಿ ಅದ."

"ಹಂಗಾದ್ರ ಅಂಥದೇ ಪೂರಾ ಪುಸ್ತಕ ಒಂದು ತರಸ್ರಿ. ಎಷ್ಟಾಗ್ತದ ಹೇಳ್ರಿ, ಈಗ ಕೊಡ್ತೇನಿ."

"ರೊಕ್ಕಕ್ಕ ಸಿಗಂಗಿಲ್ಲರಿ. ಬೇಕಂದ್ರ ನೀವೂ ಹೋಗಿ ಕುಂತು, ಓದಿಸಿ ಕೇಳಿ ಬರ್ರಿ. ಅವರ ಮನ್ಯಾಗ ಚಾ ಛಲೋ ಮಾಡ್ತಾರ."

ಮುಂದೆ ಇಂಥ ಕಾರಣಗಳಿಂದಲೇ ಮಾಮಾನನ್ನು ಆಳಂದಕ್ಕೆ ಎತ್ತಿ ಹಾಕಿದರು. ಹೊಸ ಊರು, ಹೊಸ ಹುಡುಗರು, ಹೊಸ ಸಿಟ್ಟುಗಳು ಅಂತ ಅವನು ಖುಷಿಯಿಂದಲೇ ಹೋದ. ಆದರೆ ಅದು ಆಮೇಲಿನ ಮಾತು. ನಾನು ಹೇಳಬೇಕಾದದ್ದು ಅವನು ಇನ್ನೂ ಅಫಜಲಪುರದಲ್ಲಿದ್ದಾಗ, ನಾನು ಹೈಸ್ಕೂಲಿನಲ್ಲಿದ್ದಾಗ ನಡೆದದ್ದು.

ಪಂಚಮಿ ಹಬ್ಬಕ್ಕೆ ತನ್ನ ಅಕ್ಕನನ್ನು, ಅಂದರೆ ನಮ್ಮ ಅವ್ವನನ್ನು, ತವರಿಗೆ ಕರೆದೊಯ್ಯಲು ಮಾಮಾ ಪ್ರತಿ ವರ್ಷ ನೆಲೋಗಿಗೆ ಬರುತ್ತಿದ್ದ. ಹಾಗೆ ಬಂದವನು ಒಂದು ಸಲ ನನ್ನನ್ನೂ ಕೇಳಿಯೇಬಿಟ್ಟ.

"ಏನ ಬೇ, ಯಾರ ಮ್ಯಾಲ ಸಿಟ್ಟದ ನಿನಗ?"

"ಯಾರ ಮ್ಯಾಲೂ ಇಲ್ಲ ಮಾಮಾ."

ಅವನ ಮುಖ ಸಣ್ಣದಾಯಿತು. ನನಗೆ ಪಾಪ ಅನಿಸಿ, ಅವನ ಸಮಾಧಾನಕ್ಕೆ ಅಂತ ಒಂದು ಹುಡುಕಿ ಹೇಳಿದೆ. "ತಮ್ಮಗ ದಿನಾ ಮೊಸರ ಹಾಕ್ತಾರ. ನನಗ ಮಜ್ಜಿಗಿ."

ನಗುತ್ತಾನೆ ಅಂದುಕೊಂಡಿದ್ದೆ. ಅವನು ನಗಲಿಲ್ಲ. "ಇದು ಸಣ್ಣ ಸಿಟ್ಟಲ್ಲ. ಇದನ್ನ ಜೋಪಾನ ಇಟ್ಕೊ" ಅಂದ. ಆ ತಿಂಗಳಿಂದ ನನಗೆ ಅರ್ಧ ಪುಸ್ತಕಗಳು ಬರತೊಡಗಿದವು.

ಇಲ್ಲಿಂದ ನಮ್ಮ ಆಯಿಯ ಪ್ರತಾಪ ಶುರು. ಮಾಮಾ ಪುಸ್ತಕವನ್ನು ನೆಲೋಗಿಗೆ ಬರುವವರ ಕೈಯಲ್ಲಿ ಕಳಿಸಲು ಆಯಿಯ ಹತ್ತಿರ ಕೊಟ್ಟು ಹೋಗುತ್ತಿದ್ದ. ಆಯಿಗೆ ಓದಲು ಬರುವುದಿಲ್ಲ. ಆದರೆ ಲಗ್ನದ ವಯಸ್ಸಿನ ಮಗ ಲಗ್ನಕ್ಕೆ ಗೊತ್ತಾದ ಹುಡುಗಿಗೆ ಏನೋ ಕಳಿಸುತ್ತಿದ್ದಾನೆ ಅಂದರೆ ಏನರ್ಥ ಅಂತ ಯಾರಾದರೂ ಹೇಳಿಕೊಡಬೇಕೇ? ಬರೀ ಪುಸ್ತಕ ಕಳಿಸಿದರೆ ಚೆಂದವೇ? ಅವಳು ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ಒಂದು ಕುಬ್ಸದ ಖಣದಲ್ಲಿ ಸುತ್ತಿ, ಮೇಲೊಂದು ತೆಂಗಿನಕಾಯಿ ಇಟ್ಟು ಕಳಿಸುತ್ತಿದ್ದಳು. ಮೊದಲ ಪುಸ್ತಕದ ಮುಖಪುಟದಲ್ಲಿ ಕಲ್ಲು ಹೊತ್ತ ಒಬ್ಬ ಜೀತದಾಳಿನ ಚಿತ್ರವಿತ್ತು. ಅವನ ಹಣೆಯ ಮೇಲೆ ದುಂಡಗೆ ಕುಂಕುಮ!

ಮಾಮಾ ಪುಸ್ತಕವನ್ನು ಅರ್ಧ ಮಾಡಿಯೇ ಕಳಿಸುತ್ತಿದ್ದದ್ದು ಆಯಿಯ ನಂಬಿಕೆಯನ್ನು ಇನ್ನೂ ಗಟ್ಟಿ ಮಾಡಿತು. "ನೋಡ್ರಿ, ಅರ್ಧ ಅಕಿಗಿ ಕಳಸ್ಯಾನ, ಅರ್ಧ ತನ್ನ ಹಂತ್ಯಾಕ ಇಟ್ಕೊಂಡಾನ. ಮುಂದ ಎರಡೂ ಕೂಡಬೇಕಲ್ಲ!" ಅಂತ ಹವಳಗಾದ ತುಂಬ ಹೇಳಿಕೊಂಡು ಬಂದಳು. ಆ ಮಾತು ನೆಲೋಗಿಗೂ ಬಂತು. ಓಣಿಯ ಹೆಂಗಸರು ನನ್ನನ್ನು ಕಂಡರೆ ಸಾಕು, ಸೆರಗು ಬಾಯಿಗಿಟ್ಟು ನಗುವುದು.

"ಏನ ಬೇ, ನಿನ್ನ ವರ ಏನ ಕಳಸ್ಯಾನ ಈ ಸಲ?"

"ಜೀತ ಮಾಡೋರ ಪುಸ್ತಕ."

"ಅಯ್ಯ! ಪಾಪ, ಲಗ್ನ ಆದ ಮ್ಯಾಲ ಏನ ಮಾಡಬೇಕಾಗ್ತದ ಅಂತ ಮೊದಲೇ ಹೇಳಿ ಕಳಸ್ಯಾನ. ಭಾಳ ಒಳ್ಳೇಂವ!"

ಅವರ ಜೊತೆ ನಾನೂ ನಗುತ್ತಿದ್ದೆ. ಆದರೆ ಖಣಗಳು ಒಂದರ ಮೇಲೊಂದು ಪೆಟ್ಟಿಗೆಯಲ್ಲಿ ಸೇರುತ್ತಿದ್ದಂತೆ ನನಗೆ ಭಯವಾಗತೊಡಗಿತು. ಮಾಮಾ ಅಂದರೆ ನನಗೆ ಜೀವ. ಅವನ ಹೆಗಲ ಮೇಲೆ ಕೂತು ಊರು ನೋಡಿದವಳು ನಾನು. ಅವನನ್ನು ಗಂಡ ಅಂತ ನೆನೆಸಿಕೊಳ್ಳುವುದು ನನ್ನಿಂದ ಆಗುತ್ತಿರಲಿಲ್ಲ. ಜೊತೆಗೆ ಗುಲಬರ್ಗಾಕ್ಕೆ ಹೋಗಿ ಕಾಲೇಜು ಕಲಿಯಬೇಕು ಅನ್ನುವ ಆಸೆ ಬೇರೆ. ಇದನ್ನು ಹೇಳುವುದು ಯಾರಿಗೆ?

ಅರ್ಧ ಓದಿದ ಕಥೆಗಳ ಕೊನೆ ಗೊತ್ತಾಗದೆ ನನಗೆ ತಡೆಯಲಾಗುತ್ತಿರಲಿಲ್ಲ. ಮುಂದಿನ ಪಂಚಮಿಗೆ ಮಾಮಾ ಬಂದಾಗ ಹಿಡಿದು ಕೇಳಿದೆ. "ಉಳಿದರ್ಧ ಎಲ್ಲಿ ಅವ? ಎಲ್ಲಾ ನಿನ್ನ ಹಂತ್ಯಾಕೇ ಅವ ಏನ?"

"ನನ್ನ ಹಂತ್ಯಾಕ ಯಾಕ ಇರ್ತಾವ? ಈ ಮನ್ಯಾಗೇ ಅವ. ಹುಡಕು."

ಅಟ್ಟ ಹುಡುಕಿದೆ. ಅಪ್ಪನ ಪೆಟ್ಟಿಗೆ ಹುಡುಕಿದೆ. ತಮ್ಮನ ದಫ್ತರ ಸುರುವಿದೆ. ಕೊನೆಗೆ ಸಿಕ್ಕಿದ್ದೆಲ್ಲಿ? ಒಲೆಯ ಹಿಂದಿನ ಗೂಡಿನಲ್ಲಿ, ಜೋಳದ ಹಿಟ್ಟಿನ ಡಬ್ಬಿಯ ಕೆಳಗೆ! ಮಾಮಾ ಬೇರೆಯವರ ಕೈಯಲ್ಲಿ ಗುಟ್ಟಾಗಿ ಕಳಿಸುತ್ತಿದ್ದ ಅವನ್ನು, ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟ ನಮ್ಮ ಅವ್ವ ಅಪ್ಪನಿಗೂ ಗೊತ್ತಾಗದ ಹಾಗೆ ಅಕ್ಷರ ಕೂಡಿಸಿ ಕೂಡಿಸಿ ಓದುತ್ತಿದ್ದಳು. ಕಳ್ಳತನ ಸಿಕ್ಕಿಬಿದ್ದವಳಂತೆ ಅವಳ ಮುಖ ಕೆಂಪಾಯಿತು. ಆಮೇಲೆ ಹಿಟ್ಟಿನ ಕೈಯನ್ನು ಸೀರೆಗೆ ಒರೆಸಿಕೊಂಡು ನನ್ನನ್ನೇ ಕೇಳಿದಳು.

"ಈ ಹೆಣ್ಮಗಳು ಕಡೀಗಿ ಕೋರ್ಟಿನಾಗ ಗೆದ್ದಳು, ಖರೇ. ಮೊದಲ ಏನ ಆಗಿತ್ತ ಬೇ ಅಕಿಗಿ?"

ಯೋಚನೆ ಮಾಡಿ ನೋಡಿ! ನನಗೆ ಅನ್ಯಾಯವೆಲ್ಲ ಗೊತ್ತು, ನ್ಯಾಯ ಸಿಕ್ಕಿತೋ ಇಲ್ಲವೋ ಗೊತ್ತಿಲ್ಲ. ಅವ್ವನಿಗೆ ನ್ಯಾಯ ಸಿಕ್ಕಿದ್ದಷ್ಟೇ ಗೊತ್ತು, ಯಾವ ಅನ್ಯಾಯಕ್ಕೆ ಅಂತ ಗೊತ್ತಿಲ್ಲ. ಅವತ್ತಿನಿಂದ ದಿನಾ ಅವ್ವ ರೊಟ್ಟಿ ಬಡಿಯುವಾಗ ನಾನು ಪಕ್ಕದಲ್ಲಿ ಕೂತು ಮೊದಲರ್ಧ ಹೇಳುವುದು, ಅವಳು ಹೆಂಚಿನ ಮೇಲೆ ರೊಟ್ಟಿ ತಿರುವುತ್ತ ಉಳಿದರ್ಧ ಹೇಳುವುದು. ಅಪ್ಪನಿಗೆ ಬಡಿಸಿದ ರೊಟ್ಟಿ ಆಗಾಗ ಕರಕಾಗಿರುತ್ತಿತ್ತು. "ಯಾಕ ಇತ್ತಿತ್ಲಾಗ ರೊಟ್ಟಿ ಹಿಂಗ?" ಅಂತ ಅವನು ಕೇಳಿದರೆ ಇಬ್ಬರೂ ಸುಮ್ಮನೆ ತಲೆ ತಗ್ಗಿಸಿ ನಗುತ್ತಿದ್ದೆವು.

ಹಾಗೆ ಹೇಳಿ ಕೇಳಿ ಮಾಡುತ್ತ ಒಂದು ದಿನ ಅವ್ವ ತನ್ನ ಮಾತನ್ನೂ ಹೇಳಿದಳು. ಹದಿಮೂರು ವರ್ಷಕ್ಕೆ ಅವಳ ಲಗ್ನ. "ನನಗ ಯಾರೂ ಕೇಳಲಿಲ್ಲ. ಹೊಸ ಸೀರಿ ಕೊಟ್ರು, ಉಟ್ಕೊಂಡೆ. ಜಾತ್ರಿಗಿ ಹೊಂಟೇವಿ ಅಂದ್ಕೊಂಡಿದ್ದೆ." ನಾನು ಆ ಹೊತ್ತು ನೋಡಿ ನನ್ನ ಸಂಕಟ ಹೇಳಿಬಿಟ್ಟೆ. ಅವ್ವನ ಕೈ ನಿಂತಿತು. ಅವಳಿಗೆ ನಾನು ತನ್ನ ತವರಿಗೇ ಹೋಗಬೇಕು ಅನ್ನುವ ಆಸೆ. "ನಿನ್ನ ಅಲ್ಲಿ ಕೊಟ್ರ ನನ್ನ ತವರ ಉಳೀತದವ್ವ. ಇಲ್ಲಂದ್ರ ನಮ್ಮವ್ವ ನನ್ನ ಮಾರಿ ನೋಡಂಗಿಲ್ಲ" ಅಂದಳು. ಅದು ಸುಳ್ಳು ಭಯ ಅಲ್ಲ, ನನಗೂ ಗೊತ್ತಿತ್ತು. ನಾನು ಮತ್ತೆ ಆ ಮಾತು ಎತ್ತಲಿಲ್ಲ.

ಎಸ್ಸೆಸ್ಸೆಲ್ಸಿ ಪಾಸಾದೆ. ಪೇಢೆ ಹಂಚಿದ ಮರುವಾರವೇ ಆಯಿ ಹವಳಗಾದಿಂದ ನಿಶ್ಚಯ ಮಾಡಲು ಹೊರಟು ಬಂದಳು. ಮಾಮಾನಿಗೆ ಹೊಸ ಅಂಗಿ, ಹೊಸ ಧೋತರ, ಮೊದಲ ಸಲ ಇಸ್ತ್ರಿ. ಪಡಸಾಲೆಯಲ್ಲಿ ಕಂಬಳಿ ಹಾಸಿ ಊರ ಹಿರಿಯರನ್ನು ಕೂಡಿಸಿದ್ದರು. ತಾಟಿನಲ್ಲಿ ಸಕ್ಕರೆ, ಎಲೆಯಡಿಕೆ. ಹುಡುಗಿಯ ಬಾಯಿಗೆ ಆ ಸಕ್ಕರೆ ಬಿತ್ತೋ, ಮಾತು ಮುಗಿಯಿತು.

ಪದ್ಧತಿಯಂತೆ ಹಿರಿಯ ಯಜಮಾನರು ಗಂಟಲು ಸರಿಮಾಡಿಕೊಂಡು ಕೇಳಿದರು. "ಹುಡುಗಿ ಸೋದರಮಾವನ ಒಪ್ಪಿಗಿ ಅದ ಏನಪಾ?" ಬೇರೆಯವರ ಲಗ್ನದಲ್ಲಾದರೆ ಇದು ನಡೆಯುತ್ತದೆ. ಇಲ್ಲಿ ಸೋದರಮಾವನೇ ವರ! ಕೂತವರೆಲ್ಲ ಕಿಸಕ್ಕನೆ ನಕ್ಕರು. ಮಾಮಾ ಎದ್ದು ನಿಂತ.

"ಸೋದರಮಾವ ಆಗಿ ಹೇಳ್ತೇನಿ, ಹುಡುಗೀನ ಕೇಳ್ರಿ."

"ಆತು. ವರಂದು ಏನ ಮಾತು?"

"ವರ ಆಗಿ ಹೇಳ್ತೇನಿ, ಹುಡುಗೀನ ಕೇಳ್ರಿ."

ಮತ್ತೆ ನಗು. ಆಯಿಯಂತೂ, "ಮಾಸ್ತರಕಿ ಬುದ್ಧಿ ಎಲ್ಲಿ ಹೋಗ್ತದ!" ಅಂತ ಹೆಮ್ಮೆಯಿಂದ ನಕ್ಕಳು. ಯಜಮಾನರು ನಗುತ್ತಲೇ ನನ್ನ ಕಡೆ ತಿರುಗಿ, "ಹೇಳವಾ, ನಿಂದೇನ?" ಅಂದರು. ಹೀಗೆ ಯಾರೂ ಯಾವ ಹುಡುಗಿಯನ್ನೂ ಕೇಳಿದ್ದನ್ನು ನಾನು ಕಂಡಿರಲಿಲ್ಲ. ಮಾಮಾನ ಮುಖ ನೋಡಿದೆ. ನೀನೇ ಹೇಳೋ, ಒಂದು ಮಾತು ನೀನು ಹೇಳಿದರೆ ಮುಗಿದುಹೋಗುತ್ತದಲ್ಲೋ ಅಂತ ಕಣ್ಣಲ್ಲೇ ಬೇಡಿಕೊಂಡೆ. ಅವನು ಜಂತಿಯನ್ನು ನೋಡುತ್ತ ನಿಂತಿದ್ದ. ಆ ಕ್ಷಣ ನನಗೆ ಅವನ ಮೇಲೆ ಬಂದ ಸಿಟ್ಟು ಇಷ್ಟಿಷ್ಟಲ್ಲ.

"ನಂಗ ಸಾಲಿ ಕಲೀಬೇಕು" ಅಂದೆ.

"ಅದಕ್ಕೇನವಾ, ಗಂಡನೇ ಮಾಸ್ತರ ಇದ್ದಾನ. ಮನ್ಯಾಗೇ ಸಾಲಿ!" ಅಂದರು ಯಜಮಾನರು. ಪಡಸಾಲೆ ಮತ್ತೆ ನಕ್ಕಿತು. ಆಯಿ ಸಕ್ಕರೆಯ ತಾಟಿಗೆ ಕೈ ಹಾಕಿದಳು.

ಬೇರೆ ನೆಪ ಯಾವುದೂ ಉಳಿದಿರಲಿಲ್ಲ. ಇದ್ದದ್ದನ್ನೇ ಹೇಳಬೇಕಾಯಿತು. "ನಾ ಮಾಮಾನ ಲಗ್ನ ಆಗಂಗಿಲ್ಲ" ಅಂದೆ. ನನ್ನ ದನಿ ನನಗೇ ಬೇರೆಯವರದೆನ್ನಿಸಿತು.

ನಗು ನಿಂತಿತು. ಅಪ್ಪ ಎದ್ದು ನಿಂತ. "ಏನ ಕಮ್ಮಿ ಅದಲೇ ಅವಗ?" ಅಂತ ಆಯಿ ಚೀರಿದಳು.

"ಏನೂ ಕಮ್ಮಿ ಇಲ್ಲ ಆಯಿ. ಅಂವ ನನ್ನ ಮಾಮಾ. ಮಾಮಾ ಆಗೇ ಇರ್ಲಿ."

"ಹುಡುಗರ ಮಾತೇನ ಹಿಡೀತೀರಿ, ಸಕ್ರಿ ಹಾಕ್ರಿ" ಅಂತ ಯಾರೋ ಅಂದರು. ಆಯಿ ಸಕ್ಕರೆ ತಗೊಂಡು ನನ್ನ ಹತ್ತಿರ ಬಂದಳು. ಆಗ ಅಡಿಗೆ ಮನೆಯ ಬಾಗಿಲಿಂದ ಒಂದು ದನಿ. ಗಂಡಸರ ಮುಂದೆ ಜನ್ಮದಲ್ಲಿ ಬಾಯಿ ಬಿಡದ ನಮ್ಮ ಅವ್ವ.

"ಅವ್ವಾ, ಕೈ ತಗಿ. ಅಕಿ ಬ್ಯಾಡ ಅಂದಾಳ. ಎಲ್ಲಾರೂ ಕೇಳ್ಯಾರ."

ಇಷ್ಟೇ. ಸೆರಗು ತಲೆಯ ಮೇಲೆಯೇ ಇತ್ತು, ದನಿಯೂ ಏರಲಿಲ್ಲ. ಎದುರಿಗೆ ನಿಂತವಳು ತನ್ನ ಹೆತ್ತ ತಾಯಿ. ತವರಿನ ಬಾಗಿಲು ಮುಚ್ಚುತ್ತದೆ ಅಂತ ಗೊತ್ತಿದ್ದೂ ಅವಳು ಆ ಮಾತು ಆಡಿದಳು. ಆಯಿಯ ಕೈಯಿಂದ ಸಕ್ಕರೆ ಕಂಬಳಿಯ ಮೇಲೆ ಸುರಿಯಿತು.

ಯಜಮಾನರು ಮೀಸೆ ತೀಡಿ, ಮಾಮಾನಿಗೆ, "ಹಕ್ಕು ನಿಂದದ. ಬಿಡ್ತೀಯೇನಪಾ?" ಅಂದರು. "ಬಿಟ್ಟೇನಿ" ಅಂದ ಮಾಮಾ. ಆಮೇಲೆ, "ಹಿಂಗ ಇನ್ನೊಬ್ರ ಮ್ಯಾಲ ಇರೋ ಹಕ್ಕು ಯಾರಿಗೂ ಇರಬಾರದರಿ" ಅಂದ.

ಅವತ್ತು ಮಧ್ಯಾಹ್ನ ಬಸ್ ನಿಲ್ಲುವ ಜಾಗದಲ್ಲಿ ಆಯಿ ದೂರ ಮುಖ ತಿರುಗಿಸಿ ಕೂತಿದ್ದಳು. ನಾನು ಓಡಿ ಹೋಗಿ ಮಾಮಾನ ಅಂಗಿ ಹಿಡಿದು ಜಗಳ ತೆಗೆದೆ. "ನೀನೇ ಬ್ಯಾಡ ಅಂದಿದ್ರ ಏನ ಆಗ್ತಿತ್ತು? ನನ್ನ ಯಾಕ ಮಂದ್ಯಾಗ ನಿಲ್ಲಿಸಿದಿ?"

"ನಾ ಬ್ಯಾಡ ಅಂದಿದ್ರ ಮುಂದಿನ ತಿಂಗಳ ಮತ್ತೊಬ್ಬನ್ನ ತರ್ತಿದ್ರು. ಅವಗ ಯಾರ ಬ್ಯಾಡ ಅಂತಿದ್ರು?" ಅಂದ ಮಾಮಾ. "ಮೊದಲ್ನೇ ಸಲ ಬ್ಯಾಡ ಅನ್ನೋದು ಭಾಳ ಕಠಿಣ ಬೇ. ಸಿಟ್ಟ ಮಾಡ್ಕೊಳ್ಳಾರದಂವ ಒಬ್ಬ ಎದುರಿಗಿ ಇದ್ದಾಗೇ ಅಂದ ಬಿಡಬೇಕು."

ನಾನು ಅವನ ಅಂಗಿ ಬಿಟ್ಟೆ. ಬಸ್ಸು ಬಂತು.

ಆಯಿ ನಮ್ಮ ಮನೆಯ ಹೊಸ್ತಿಲು ಮೆಟ್ಟದೆ ಎಷ್ಟೋ ವರ್ಷ ಕಳೆದಳು. ಆದರೆ ಮಾಮಾ ಒಂದು ಪಂಚಮಿಯನ್ನೂ ತಪ್ಪಿಸಲಿಲ್ಲ. ಬಂದು, ಅಕ್ಕನ ಚೀಲ ತಾನೇ ಹೊತ್ತು ಕರೆದುಕೊಂಡು ಹೋಗುತ್ತಿದ್ದ. ಅಲ್ಲಿ ಆಯಿ ಮಗಳ ಜೊತೆ ಮಾತಾಡುತ್ತಿರಲಿಲ್ಲವಂತೆ, ಆದರೆ ಶೇಂಗಾದ ಉಂಡಿಯ ಡಬ್ಬಿಯನ್ನು ಅವಳ ಹತ್ತಿರ ತಳ್ಳುತ್ತಿದ್ದಳಂತೆ. ಅವ್ವ ಅಷ್ಟಕ್ಕೇ ತೃಪ್ತಿಪಟ್ಟು ಬರುತ್ತಿದ್ದಳು. ನಾನು ಗುಲಬರ್ಗಾದ ಕಾಲೇಜು ಸೇರಿದೆ.

ಮಾಮಾನಿಗೂ ಲಗ್ನವಾಯಿತು. ಆಳಂದದಲ್ಲಿ ಒಬ್ಬ ನರ್ಸಮ್ಮನನ್ನು ನೋಡಲು ಹೋದವನು ಚಾ ಕುಡಿದು ಸುಮ್ಮನೆ ಬರಬೇಕಲ್ಲ? ಚೀಲದಿಂದ ಅರ್ಧ ಪುಸ್ತಕ ತೆಗೆದು ಅವಳ ಮುಂದೆ ಇಟ್ಟ. ಅವಳು ತಿರುವಿ ನೋಡಿ, "ಪೂರಾ ತರ್ರಿ, ಆಮ್ಯಾಲ ವಿಚಾರ ಮಾಡ್ತೇನಿ" ಅಂದಳು. ಇವನು ಬ್ಲೇಡು ಹಿಡಿದ ಮೇಲೆ ಮೊದಲ ಸಲ ಒಂದು ಇಡೀ ಪುಸ್ತಕವನ್ನು ಸೀಳದೆ ಒಯ್ದ. ಆ ಮನೆಯಲ್ಲಿ ಇವತ್ತಿಗೂ ಅವಳದೇ ಮಾತು ನಡೆಯುವುದು.

ನನ್ನ ಲಗ್ನ ಅದಾದ ಎಷ್ಟೋ ವರ್ಷಕ್ಕೆ, ನಾನು ಕೆಲಸಕ್ಕೆ ಸೇರಿದ ಮೇಲೆ. ಹುಡುಗನನ್ನು ನಾನೇ ನೋಡಿ, ಮಾತಾಡಿ ಒಪ್ಪಿದ್ದೆ. ಜೇವರ್ಗಿಯಲ್ಲಿ ಹಂದರ ಹಾಕಿದ್ದರು. ಮದುಮಗಳನ್ನು ಕೈ ಹಿಡಿದು ಹಂದರಕ್ಕೆ ಕರೆತರುವುದು ಸೋದರಮಾವನ ಕೆಲಸ. ಹೊರಗೆ ಬಾಜಾ ಬಾರಿಸುತ್ತಿದ್ದರು, "ಹೊತ್ತ ಆಗಾಕತ್ತದ, ಹುಡುಗೀನ ಕರಕೊಂಡ ಬರ್ರಿ" ಅಂತ ಕೂಗುತ್ತಿದ್ದರು. ಮಾಮಾ ರುಮಾಲು ಸುತ್ತಿಕೊಂಡು ಒಳಗೆ ಬಂದ. ನನ್ನ ಸುತ್ತ ಇದ್ದ ಹುಡುಗಿಯರನ್ನೆಲ್ಲ ಹೊರಗೆ ಕಳಿಸಿ ಬಾಗಿಲು ಮುಂದೆ ಮಾಡಿದ.

"ಏನ ಬೇ, ಮನಸ್ಸಿದ್ದೇ ಆಗಾಕತ್ತಿ ಇಲ್ಲ? ಬ್ಯಾಡ ಅನಸಿದ್ರ ಈಗೂ ಹೇಳು. ಹಿಂದಿನ ಬಾಗಲದಾಗ ಜೀಪ ನಿಲ್ಲಿಸೇನಿ."

ಚೇಷ್ಟೆ ಅಂದುಕೊಂಡು ನಕ್ಕೆ. ಅವನು ನಗಲಿಲ್ಲ. ಕಿಟಕಿಯಿಂದ ಬಗ್ಗಿ ನೋಡಿದೆ. ಹಿತ್ತಲ ಬೇವಿನ ಗಿಡದ ಕೆಳಗೆ ಖರೇ ಖರೇ ಒಂದು ಜೀಪು ನಿಂತಿತ್ತು. ಡ್ರೈವರ್ ಸ್ಟೇರಿಂಗ್ ಮೇಲೆ ಕೈ ಇಟ್ಟುಕೊಂಡು ನಮ್ಮ ಬಾಗಿಲನ್ನೇ ನೋಡುತ್ತ ಕೂತಿದ್ದ.

ನನ್ನ ಎದೆ ತುಂಬಿ ಬಂತು. ಇಷ್ಟು ಮಂದಿ ನೆರೆದಲ್ಲಿ, ಇಷ್ಟು ಸಂಭ್ರಮದಲ್ಲಿ, ನಾನು ಬೇಡ ಅನ್ನಬಹುದು ಅಂತ ಒಬ್ಬನಿಗಾದರೂ ಅನಿಸಿತ್ತಲ್ಲ. "ಒಪ್ಪಿಗಿ ಅದ ಮಾಮಾ, ನನ್ನ ಮನಸ್ಸಿಂದೇ ಆಗಾಕತ್ತೇನಿ" ಅಂದೆ.

ಮಾಮಾ ಅಲ್ಲೇ ಪೆಟ್ಟಿಗೆಯ ಮೇಲೆ ಕೂತುಬಿಟ್ಟ. ರುಮಾಲಿನ ತುದಿಯಿಂದ ಕಣ್ಣು ಒರೆಸಿಕೊಂಡ. ಮತ್ತೆ ಒರೆಸಿಕೊಂಡ. ಆಮೇಲೆ ಎದ್ದು ನನ್ನ ಕೈ ಹಿಡಿದುಕೊಂಡು, "ಹಂಗಾದ್ರ ತಡಿ ಬೇ, ಆ ಜೀಪಿನವಗ ಊಟಕ್ಕ ಬಾ ಅಂತ ಹೇಳಿ ಬರ್ತೇನಿ. ಪಾಪ, ಮುಂಜಾನಿಂದ ಕುಂತಾನ" ಅಂದ.